‘ಇದನ್ನ ಆಮೇಲೆ ಬದಲಿಸೋಕೆ ಬರುತ್ತಾ?’: ಕಂಪ್ಯೂಟರ್ ಕೊಳ್ಳುವವರಿಗೆ ಒಂದಿಷ್ಟು ಮಾತು

(ಬಾಗಲಕೋಟೆಯ ನವನಗರದಲ್ಲಿ ಕಾಲೇಜು ವಿದ್ಯಾರ್ಥಿಗಳು, ಅವರ ಮನೆಯವರು ಮತ್ತು ಜೆರಾಕ್ಸ್, ಡಿಟಿಪಿ ಅಂಗಡಿಯವರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೈಕು ಹಚ್ಚುವ ಮುಂಚೆಯೇ ಒಬ್ಬ ಯಜಮಾನರು ಹತ್ತಿರ ಬಂದು ಕೇಳಿದರು. “ಸರ, ನಲವತ್ತ ಸಾವಿರದಾಗ ಛಲೋ ಲ್ಯಾಪ್‌ಟಾಪ್ ಯಾವದೈತ್ರಿ? ಹೆಸರ ಹೇಳಿಬಿಡ್ರಿ, ತಗೊಂಡ ಹೋಗ್ತೀನಿ.”

ಹೆಸರು ಹೇಳಬಹುದು. ಆದರೆ ಅದರಿಂದ ನಿಮಗೆ ಲಾಭ ಇಲ್ಲ. ಒಂದೇ ಹೆಸರಿನ ಲ್ಯಾಪ್‌ಟಾಪ್‌ನಲ್ಲಿ ಎರಡು ಮೂರು ತರಹದ ಪರದೆ ಇರುತ್ತವೆ, ಬೇರೆ ಬೇರೆ ಪ್ರೊಸೆಸರ್ ಇರುತ್ತವೆ. ಡಬ್ಬಿಯ ಮೇಲೆ ದೊಡ್ಡದಾಗಿ ಬರೆದ ಹೆಸರು ಒಂದೇ, ಅದರ ಮುಂದೆ ಸಣ್ಣದಾಗಿ ಇರುವ ಅಕ್ಷರ-ಅಂಕಿಗಳು ಬೇರೆ. ನಾನು ಇವತ್ತು ಹೇಳಿದ ಮಾಡೆಲ್ ದೀಪಾವಳಿ ಹೊತ್ತಿಗೆ ಅಂಗಡಿಯಲ್ಲಿ ಇರುತ್ತೋ ಇಲ್ಲವೋ. ಅದಕ್ಕೇ ಹೆಸರಿನ ಬದಲು ಅಂಗಡಿಯಲ್ಲಿ ನಿಂತಾಗ ಕೇಳಬೇಕಾದ ಒಂದು ಪ್ರಶ್ನೆ ಕೊಡುತ್ತೇನೆ: ಇದನ್ನ ಆಮೇಲೆ ಬದಲಿಸೋಕೆ ಬರುತ್ತಾ?

ಬದಲಿಸೋಕೆ ಬರದ ಭಾಗಕ್ಕೆ ಇವತ್ತೇ ದುಡ್ಡು ಹಾಕಿ. ಬದಲಿಸೋಕೆ ಬರುವ ಭಾಗದಲ್ಲಿ ಇವತ್ತು ಕೈ ಬಿಗಿ ಹಿಡಿಯಿರಿ. ನನ್ನ ಮಾತು ಇಷ್ಟೇ. ಆದರೆ ಅಂಗಡಿಯಲ್ಲಿ ಇದರ ಉಲ್ಟಾ ನಡೆಯುತ್ತದೆ. “ಫೈಲ್ ಇಡೋ ಜಾಗ 512 ಜಿಬಿ ಇರೋದು ಬೇಕು” ಅಂತ ಹಟ ಹಿಡಿದು, ಮಂಕು ಪರದೆಯ ಲ್ಯಾಪ್‌ಟಾಪ್ ತರುತ್ತಾರೆ. 512 ಜಿಬಿಯನ್ನು ನಾಳೆ ಸ್ಕ್ರೂ ಬಿಚ್ಚಿ ಒಂದು ಟಿಬಿ ಮಾಡಬಹುದು. ಪರದೆ ಮಾತ್ರ ಲ್ಯಾಪ್‌ಟಾಪ್ ಸಾಯುವ ತನಕ ಅದೇ.

ದುಡ್ಡಿನ ಲೆಕ್ಕವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಲವತ್ತು ಸಾವಿರದ್ದು ಮೂರು ವರ್ಷಕ್ಕೆ ಮೂಲೆ ಸೇರಿದರೆ ವರ್ಷಕ್ಕೆ 13 ಸಾವಿರ ಚಿಲ್ಲರೆ ಬಿತ್ತು. 46 ಸಾವಿರದ್ದು ಆರು ವರ್ಷ ನಡೆದರೆ ವರ್ಷಕ್ಕೆ 8 ಸಾವಿರಕ್ಕೂ ಕಡಿಮೆ. ಯಾವುದು ಅಗ್ಗ?

ಪರದೆಯಿಂದಲೇ ಶುರು ಮಾಡೋಣ. ಲ್ಯಾಪ್‌ಟಾಪ್ ತೆರೆದು, ಎದುರಿಗೆ ಕೂತು ನೋಡಬೇಡಿ. ಎದುರಿನಿಂದ ಎಲ್ಲವೂ ಚೆಂದ ಕಾಣುತ್ತವೆ. ಪಕ್ಕಕ್ಕೆ ಸರಿದು ನೋಡಿ, ಎದ್ದು ನಿಂತು ಮೇಲಿನಿಂದ ನೋಡಿ. ಬಣ್ಣ ತಿರುಗಿ ಫೋಟೋದ ನೆಗೆಟಿವ್ ತರಹ ಕಂಡರೆ ಅದು ಹಳೆಯ ಟಿಎನ್ ಪ್ಯಾನೆಲ್. ಬಣ್ಣ ನಿಂತರೆ ಐಪಿಎಸ್ ಅಥವಾ ಆ ಜಾತಿಯದ್ದು. ಆಮೇಲೆ ನಿಟ್ಸ್, ಅಂದರೆ ಪರದೆಯ ಬೆಳಕಿನ ಅಳತೆ, ಎಷ್ಟು ಅಂತ ಕೇಳಿ. ಅಗ್ಗದವುಗಳಲ್ಲಿ 250 ನಿಟ್ಸ್ ಸಾಮಾನ್ಯ. ನಮ್ಮ ಕಡೆ ಏಪ್ರಿಲ್‌ನಲ್ಲಿ ಬೆಳಿಗ್ಗೆ ಹತ್ತು ಗಂಟೆಗೇ ಕಿಟಕಿ ಹೇಗೆ ಉರಿಯುತ್ತದೆ ಗೊತ್ತಲ್ಲ, ಆ ಬೆಳಕಿನಲ್ಲಿ 250 ಸಾಲುವುದಿಲ್ಲ. 300 ಸಿಕ್ಕರೆ ಬಿಡಬೇಡಿ. ‘45% ಎನ್‌ಟಿಎಸ್‌ಸಿ’ ಎಂದು ಬರೆದಿದ್ದರೆ ಬಣ್ಣ ಸಪ್ಪೆ. ಟ್ಯಾಲಿಯಲ್ಲಿ ಲೆಕ್ಕ ಬರೆಯುವವರಿಗೆ ಚಿಂತೆ ಇಲ್ಲ. ಮದುವೆ ಕಾರ್ಡ್, ಫ್ಲೆಕ್ಸ್ ಡಿಸೈನ್ ಮಾಡುವವರಿಗೆ ಅದು ಬೇಡವೇ ಬೇಡ. ಪರದೆಯಲ್ಲಿ ಕಂಡ ಕುಂಕುಮದ ಬಣ್ಣ ಅಚ್ಚಾದ ಮೇಲೆ ಇಟ್ಟಿಗೆ ಬಣ್ಣ ಆಗುತ್ತದೆ, ಗಿರಾಕಿ ಕಾರ್ಡ್ ವಾಪಸ್ ತರುತ್ತಾನೆ.

ನಮಗೆ ಅಂತಲೇ ಇರುವ ಇನ್ನೊಂದು ಪರೀಕ್ಷೆ ಇದೆ. ಇಂಗ್ಲಿಷ್ ವಿಮರ್ಶೆಗಳಲ್ಲಿ ಅದು ಸಿಗುವುದಿಲ್ಲ. ಅಂಗಡಿಯಲ್ಲಿ ಒಂದು ಕನ್ನಡ ಸುದ್ದಿ ಪುಟ ತೆರೆಸಿ. ‘ಲಕ್ಷ್ಮೀ’, ‘ಸ್ತ್ರೀ’, ‘ರಾಷ್ಟ್ರ’ ತರಹದ ಪದ ಹುಡುಕಿ, ಅಕ್ಷರ ಸಣ್ಣದು ಮಾಡಿ. ಹಳೆಯ 1366×768 ಪರದೆಯಲ್ಲಿ ಒತ್ತಕ್ಷರಗಳು ಒಂದಕ್ಕೊಂದು ಮೆತ್ತಿಕೊಂಡು ಕಲೆಯ ತರಹ ಕಾಣುತ್ತವೆ. 1920×1080ರಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ. ಇಂಗ್ಲಿಷ್ ಅಕ್ಷರಕ್ಕೆ ಕೆಳಗೆ ಜೋತು ಬೀಳುವ ಒತ್ತು ಇಲ್ಲ, ಅವರಿಗೆ ನಡೆಯುತ್ತದೆ. ದಿನಕ್ಕೆ ಆರು ತಾಸು ಕನ್ನಡ ಟೈಪ್ ಮಾಡುವವರಿಗೆ ನಡೆಯುವುದಿಲ್ಲ. ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್‌ಗಳಲ್ಲಿ ಈ 768ರ ಪರದೆ ಇನ್ನೂ ಸಾಕಷ್ಟಿವೆ, ನೋಡಿಕೊಳ್ಳಿ.

ಎರಡನೆಯದು ರ‍್ಯಾಮ್, ಅಂದರೆ ತೆರೆದ ಕೆಲಸವನ್ನು ಹಿಡಿದಿಡುವ ಮೆಮೊರಿ. ‘8 ಜಿಬಿ ರ‍್ಯಾಮ್’ ಅಂತ ಎರಡು ಲ್ಯಾಪ್‌ಟಾಪ್ ಮೇಲೂ ಬರೆದಿದೆ ಅನ್ನಿ. ಒಂದರಲ್ಲಿ ರ‍್ಯಾಮ್ ಒಂದು ಪಟ್ಟಿಯಾಗಿ ಸ್ಲಾಟ್‌ನಲ್ಲಿ ಕೂತಿದೆ, ಪಕ್ಕದಲ್ಲಿ ಇನ್ನೊಂದು ಸ್ಲಾಟ್ ಖಾಲಿ ಇದೆ. ಇನ್ನೊಂದರಲ್ಲಿ ಅದನ್ನು ಮದರ್‌ಬೋರ್ಡ್‌ಗೇ ಬೆಸುಗೆ ಹಾಕಿದ್ದಾರೆ, ಸ್ಲಾಟ್ ಇಲ್ಲವೇ ಇಲ್ಲ. ಬೆಲೆ ಒಂದೇ. ಮೊದಲನೆಯದನ್ನು ಎರಡು ವರ್ಷದ ಮೇಲೆ 16 ಜಿಬಿ ಮಾಡಬಹುದು. ಎರಡನೆಯದು ಹುಟ್ಟಿದ್ದೂ 8, ಸಾಯೋದೂ 8. ಗುರುತಿಸೋದು ಸುಲಭ. ‘ಆನ್‌ಬೋರ್ಡ್’ ಅಥವಾ ‘ಸೋಲ್ಡರ್ಡ್’ ಅಂತ ಬರೆದಿದ್ದರೆ ಬೆಸುಗೆ. ಡಿಡಿಆರ್ ಪದಕ್ಕಿಂತ ಮೊದಲು ಎಲ್‌ಪಿ (LPDDR) ಅಂತ ಇದ್ದರೂ ಬಹುತೇಕ ಬೆಸುಗೆಯೇ. ಎಲ್‌ಪಿ ಕರೆಂಟ್ ಕಡಿಮೆ ತಿನ್ನುತ್ತದೆ, ತೆಳ್ಳಗಿನ ಲ್ಯಾಪ್‌ಟಾಪ್‌ಗೆ ಸರಿ. ಅದು ಕೆಟ್ಟದ್ದಲ್ಲ. ಆದರೆ ಅಂಥದ್ದು ಕೊಳ್ಳುವುದಾದರೆ ಮೊದಲೇ 16 ಜಿಬಿಯದ್ದನ್ನೇ ಕೊಳ್ಳಿ.

ಇಲ್ಲಿ ಒಂದು ತೊಡಕು ಇದೆ, ಮುಚ್ಚಿಡುವುದಿಲ್ಲ. ‘ಆಮೇಲೆ ಹಾಕಿಸಿದರಾಯ್ತು, ಅಗ್ಗ ಆಗುತ್ತೆ’ ಅನ್ನುವ ಮಾತು ಯಾವಾಗಲೂ ನಿಜ ಆಗುವುದಿಲ್ಲ. 2011ರಲ್ಲಿ ಥಾಯ್ಲೆಂಡಿನಲ್ಲಿ ದೊಡ್ಡ ಪ್ರವಾಹ ಬಂತು. ಅಲ್ಲಿನ ಹಾರ್ಡ್ ಡಿಸ್ಕ್ ಕಾರ್ಖಾನೆಗಳು ಮುಳುಗಿದವು. ಇಲ್ಲಿ ನಮ್ಮೂರಲ್ಲಿ ಡಿಸ್ಕ್ ಬೆಲೆ ಜಿಗಿಯಿತು. 2025ರ ಕೊನೆಗೆ ರ‍್ಯಾಮ್‌ಗೂ ಇಂಥದ್ದೇ ಗತಿ ಬಂತು. ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್‌ಗಳನ್ನು ರಾಶಿಗಟ್ಟಲೆ ಎತ್ತಿಕೊಂಡವು, ಚಿಲ್ಲರೆ ಬೆಲೆ ಮೇಲಕ್ಕೆ ಹೋಯಿತು. ಮೈಕ್ರಾನ್ ಕಂಪನಿಯಂತೂ 2025ರ ಡಿಸೆಂಬರ್‌ನಲ್ಲಿ ತನ್ನ ಕ್ರೂಶಿಯಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ನಿಲ್ಲಿಸುವುದಾಗಿ ಹೇಳಿತು. ಹಾಗಂತ ಸ್ಲಾಟ್ ಬೇಡ ಅಂತಲ್ಲ. ಇವತ್ತಿನ ಕೆಲಸಕ್ಕೆ ಎಷ್ಟು ಬೇಕೋ ಅಷ್ಟು ಇವತ್ತೇ ಇರಲಿ, ನಾಳೆಯ ಆಸೆಗೆ ಸ್ಲಾಟ್ ಇರಲಿ. ‘ಅಗ್ಗ ಆಗುತ್ತೆ’ ಅಂತ ನಂಬಿ 4 ಜಿಬಿಯಲ್ಲಿ ಒದ್ದಾಡಬೇಡಿ.

ಫೈಲ್‌ಗಳು ಕೂರುವ ಜಾಗ, ಅಂದರೆ ಎಸ್‌ಎಸ್‌ಡಿ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಇದು ಬದಲಿಸೋಕೆ ಬರುವ ಭಾಗ, ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಒಂದೇ ಎಚ್ಚರ: ಇಎಂಎಂಸಿ ಅಂತ ಬರೆದಿದ್ದರೆ ಅದು ಎಸ್‌ಎಸ್‌ಡಿ ಅಲ್ಲ, ಬೆಸುಗೆ ಹಾಕಿದ ನಿಧಾನದ ಮೆಮೊರಿ. ಬಿಟ್ಟುಬಿಡಿ. 512 ಅಂತ ಹೇಳಿ ಒಳಗೆ 476 ತೋರಿಸುತ್ತೆ, ಅಂಗಡಿಯವನು ಮೋಸ ಮಾಡಿದ ಅಂತ ಜಗಳಕ್ಕೆ ಹೋಗಬೇಡಿ. ಕಂಪನಿಯವರು ಒಂದು ಜಿಬಿ ಅಂದರೆ ನೂರು ಕೋಟಿ ಬೈಟ್ ಅಂತ ಎಣಿಸುತ್ತಾರೆ. ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಒಂದು ಟಿಬಿ ಅಲ್ಲಿ 931 ಆಗುತ್ತದೆ. ಯಾರೂ ಕದ್ದಿಲ್ಲ.

ನಿಮ್ಮ ಹಳೆಯ ಕಂಪ್ಯೂಟರ್‌ನಲ್ಲಿ ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇದ್ದರೆ, ಹೊಸದು ಕೊಳ್ಳುವ ಮುಂಚೆ ಒಂದು ಸಾಟಾ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕ್‌ನ ಜಾಗದಲ್ಲೇ ಕೂರುವಂಥದ್ದು) ಹಾಕಿಸಿ ನೋಡಿ. ಹಾರ್ಡ್ ಡಿಸ್ಕ್ ಸೆಕೆಂಡಿಗೆ ನೂರರಿಂದ ನೂರೈವತ್ತು ಎಂಬಿ ಓದುತ್ತದೆ, ಅದೂ ಫೈಲ್ ಒಂದೇ ಸಾಲಿನಲ್ಲಿ ಇದ್ದರೆ. ಸಾಟಾ ಎಸ್‌ಎಸ್‌ಡಿ ಸುಮಾರು 550. ಎನ್‌ವಿಎಂಇ ಎಂಬ ಇನ್ನೊಂದು ಜಾತಿಯ ಎಸ್‌ಎಸ್‌ಡಿ 3500, ಅದಕ್ಕೂ ಹೊಸದು 7000 ಅಂತ ಡಬ್ಬಿ ಮೇಲೆ ಬರೆದಿರುತ್ತಾರೆ. ಹಾರ್ಡ್ ಡಿಸ್ಕ್‌ನಿಂದ ಸಾಟಾಗೆ ಬಂದಾಗ ಆಗುವ ಬದಲಾವಣೆ ಕಣ್ಣಿಗೆ ಹೊಡೆಯುತ್ತದೆ. 3500ರಿಂದ 7000ಕ್ಕೆ ಹೋದರೆ ಬಿಲ್ ಮಾಡುವವರಿಗೆ, ಬ್ರೌಸರ್ ತೆರೆಯುವವರಿಗೆ ಏನೂ ಗೊತ್ತಾಗುವುದಿಲ್ಲ. ಆ 7000ಕ್ಕೆ ಸುಮ್ನೆ ದುಡ್ಡು ಕೊಡಬೇಡಿ.

ಈಗ ಪ್ರೊಸೆಸರ್, ಕಂಪ್ಯೂಟರ್‌ನ ಮಿದುಳು. ಅಂಗಡಿಯಲ್ಲಿ ಜಾಸ್ತಿ ಮೋಸ ಹೋಗುವ ಜಾಗ ಇದೇ. ಇಲ್ಲಿ ಸುಳ್ಳು ಯಾರೂ ಹೇಳುವುದಿಲ್ಲ, ನಾವೇ ಅರ್ಧ ಓದಿ ಮೋಸ ಹೋಗುತ್ತೇವೆ. “ಐ7 ಐತ್ರಿ, ಹದಿನೆಂಟು ಸಾವಿರಕ್ಕ ಸಿಕ್ತು” ಅಂತ ಹಿಗ್ಗಿ ಬರುತ್ತಾರೆ. ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳಿಗೆ ಐ3, ಐ5, ಐ7 ಅಂತ ಹೆಸರು. ಯಾವ ಐ7? ಜಾತ್ರೆಯಲ್ಲಿ ಎತ್ತು ಕೊಳ್ಳುವ ರೈತ ಕೊಂಬಿನ ಬಣ್ಣ ನೋಡಿ ಹಣ ಎಣಿಸುತ್ತಾನಾ? ಬಾಯಿ ತೆಗೆಸಿ ಹಲ್ಲು ನೋಡುತ್ತಾನೆ. ಪ್ರೊಸೆಸರ್‌ನ ಹಲ್ಲು ಅಂದರೆ ಹೆಸರಾದ ಮೇಲೆ ಬರುವ ಅಂಕಿ. ಐ7-7500ಯು ಅಂದರೆ ಏಳನೇ ತಲೆಮಾರು, 2016ರದ್ದು, ಒಳಗೆ ಇರುವ ಕೋರ್ (ಕೆಲಸ ಮಾಡುವ ಘಟಕ) ಎರಡೇ. ಐ5-8250ಯು ಎಂಟನೇ ತಲೆಮಾರು, ನಾಲ್ಕು ಕೋರ್. ಐ3-1215ಯು ಹನ್ನೆರಡನೇ ತಲೆಮಾರು, ಆರು ಕೋರ್. ಅಂದರೆ ಆ ಐ7ಕ್ಕಿಂತ ಈ ಐ3 ಎಷ್ಟೋ ಗಟ್ಟಿ. ಐದು ದೊಡ್ಡದಾ ಏಳು ದೊಡ್ಡದಾ ಅನ್ನುವುದು ಒಂದೇ ತಲೆಮಾರಿನ ಒಳಗಿನ ಮಾತು. 2023ರ ಕೊನೆಯಲ್ಲಿ ಇಂಟೆಲ್ ಹೊಸ ಹೆಸರುಗಳಿಂದ ಆ ‘ಐ’ ಅಕ್ಷರವನ್ನೇ ಕೈಬಿಟ್ಟಿತು, ಈಗ ಕೋರ್ 5, ಕೋರ್ ಅಲ್ಟ್ರಾ 5 ಅಂತ ಬರುತ್ತಿವೆ. ಗೊಂದಲ ಕಡಿಮೆ ಏನೂ ಆಗಿಲ್ಲ.

ಪ್ರೊಸೆಸರ್ ಮಾಡುವ ಇನ್ನೊಂದು ಕಂಪನಿ ಎಎಂಡಿ ಕಡೆ ಇನ್ನೂ ಮಜಾ ಇದೆ. ರೈಜೆನ್ 5 7520ಯು ಮತ್ತು ರೈಜೆನ್ 5 7530ಯು. ಹತ್ತು ಅಂಕಿಯ ವ್ಯತ್ಯಾಸ, ಏನು ಮಹಾ ಅನ್ನಿಸುತ್ತದೆ. ಈ ಸಾಲಿನಲ್ಲಿ ಮೊದಲ ಅಂಕಿ ಯಾವ ವರ್ಷದ ಸಾಲು ಅಂತ ಹೇಳುತ್ತದೆ, ಅಷ್ಟೇ. ಒಳಗಿನ ವಿನ್ಯಾಸ ಹೇಳುವುದು ಮೂರನೇ ಅಂಕಿ. 7520ರಲ್ಲಿ ಅದು 2, ಅಂದರೆ ಜೆನ್ 2, ಮೊದಲು 2019ರಲ್ಲಿ ಬಂದ ವಿನ್ಯಾಸ. ನಾಲ್ಕು ಕೋರ್, ರ‍್ಯಾಮ್ ಬೆಸುಗೆಯದ್ದು. 7530ರಲ್ಲಿ ಅದು 3, ಅಂದರೆ ಜೆನ್ 3, ಆರು ಕೋರ್. ಇನ್ನೂ ಕೇಳಿ: 2021ರಲ್ಲಿ ಬಂದ ರೈಜೆನ್ 5 5500ಯುನಲ್ಲೂ ಇದೇ ಜೆನ್ 2, ಆದರೆ ಕೋರ್ ಆರು. ಹೊಸ ಅಂಕಿ ಹಚ್ಚಿಕೊಂಡು ಬಂದದ್ದರಲ್ಲಿ ಕೋರ್ ಕಡಿಮೆ. ಪೂರ್ತಿ ಅಂಕಿಯನ್ನು ಮೊಬೈಲ್‌ನಲ್ಲಿ ಫೋಟೋ ಹೊಡೆದು, ಮನೆಗೆ ಬಂದು, ಕಂಪನಿಯ ವೆಬ್‌ಸೈಟಿನಲ್ಲಿ ಹುಡುಕಿ. ಒಂದು ರಾತ್ರಿ ತಡ ಆದರೆ ಏನೂ ಕಳೆದುಹೋಗುವುದಿಲ್ಲ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ ಈ ತಲೆಮಾರಿನ ಲೆಕ್ಕ ಇನ್ನೊಂದು ಕಾರಣಕ್ಕೆ ಮುಖ್ಯ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಆದರೆ ಸಾಮಾನ್ಯವಾಗಿ ಎಂಟನೇ ತಲೆಮಾರಿನಿಂದ ಮುಂದಿನದು ಬೇಕು. ಹೀಗಾಗಿ ದೊಡ್ಡ ಊರಿನ ಕಚೇರಿಗಳು ಆರು, ಏಳನೇ ತಲೆಮಾರಿನ ಲ್ಯಾಪ್‌ಟಾಪ್‌ಗಳನ್ನು ಹೊರಗೆ ಹಾಕುತ್ತಿವೆ. ಅವು ತೊಳೆದು ಒರೆಸಿಕೊಂಡು ನಮ್ಮ ಕಡೆ ಬರುತ್ತವೆ. ಮೈಕಟ್ಟು ಗಟ್ಟಿ, ಕೀಬೋರ್ಡ್ ಛಲೋ, ಬೆಲೆ ಕಡಿಮೆ. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿಕೊಂಡು ಕೋಡಿಂಗ್ ಕಲಿಯುವ ಹುಡುಗರಿಗೆ ಇದಕ್ಕಿಂತ ಒಳ್ಳೆಯ ಸೌದಾ ಇಲ್ಲ. ವಿಂಡೋಸೇ ಬೇಕು, ಬ್ಯಾಂಕ್ ಕೆಲಸ, ಜಿಎಸ್‌ಟಿ ಫೈಲಿಂಗ್ ಮಾಡಬೇಕು ಅನ್ನುವವರು ಎಂಟಕ್ಕಿಂತ ಕೆಳಗೆ ಹೋಗಬೇಡಿ.

ದುಡ್ಡು ಕೊಡುವ ಮುಂಚೆ ಅಲ್ಲೇ ಎರಡು ಪರೀಕ್ಷೆ ಮಾಡಿ. ಕಮಾಂಡ್ ಪ್ರಾಂಪ್ಟ್ ತೆಗೆದು ಪವರ್‌ಸಿಎಫ್‌ಜಿ, ಜಾಗ ಬಿಟ್ಟು ಸ್ಲಾಶ್, ಅದಕ್ಕಂಟಿ ಬ್ಯಾಟರಿರಿಪೋರ್ಟ್ ಅಂತ ಇಂಗ್ಲಿಷಿನಲ್ಲಿ (powercfg /batteryreport) ಟೈಪ್ ಮಾಡಿದರೆ ಒಂದು ಪುಟ ತಯಾರಾಗುತ್ತದೆ. ಅದರಲ್ಲಿ ಬ್ಯಾಟರಿ ಹುಟ್ಟಿದಾಗ ಎಷ್ಟು ಹಿಡಿಯುತ್ತಿತ್ತು, ಈಗ ಎಷ್ಟು ಹಿಡಿಯುತ್ತದೆ ಎರಡೂ ಇರುತ್ತವೆ. ಅರ್ಧಕ್ಕೆ ಬಂದಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಮುರಿದುಕೊಂಡು ಮಾತಾಡಿ. ಆಮೇಲೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಪುಕ್ಕಟೆ ಸಾಫ್ಟ್‌ವೇರ್, ಅದು ಡಿಸ್ಕ್ ಎಷ್ಟು ತಾಸು ಓಡಿದೆ, ಆರೋಗ್ಯ ಹೇಗಿದೆ ತೋರಿಸುತ್ತದೆ. ಇದನ್ನೆಲ್ಲ ಮಾಡಲು ಬಿಡದ ಅಂಗಡಿಯಿಂದ ಎದ್ದು ಬನ್ನಿ.

ಡೆಸ್ಕ್‌ಟಾಪ್ ವಿಷಯಕ್ಕೆ ಬರೋಣ. ಡೆಸ್ಕ್‌ಟಾಪ್‌ನಲ್ಲಿ ಎಲ್ಲವನ್ನೂ ಬದಲಿಸಬಹುದು, ಹಾಗಾದರೆ ಎಲ್ಲದರಲ್ಲೂ ಉಳಿಸಬಹುದಾ? ಇಲ್ಲ. ಒಂದು ಭಾಗ ತಾನು ಹೋಗುವಾಗ ಬೇರೆಯವರನ್ನೂ ಕರೆದುಕೊಂಡು ಹೋಗುತ್ತದೆ. ಅದು ಎಸ್‌ಎಂಪಿಎಸ್, ಗೋಡೆಯ ಕರೆಂಟನ್ನು ಕಂಪ್ಯೂಟರ್‌ಗೆ ಬೇಕಾದ ಸಣ್ಣ ವೋಲ್ಟ್‌ಗೆ ಇಳಿಸಿ ಕೊಡುವ ಭಾಗ. ನಮ್ಮಲ್ಲಿ ಜನ ಅದನ್ನು ಕ್ಯಾಬಿನೆಟ್ ಜೊತೆ ಪುಕ್ಕಟೆ ಬರುವ ಡಬ್ಬಿ ಅಂದುಕೊಂಡಿದ್ದಾರೆ.

ಅದರ ಪಕ್ಕದಲ್ಲಿ ಅಂಟಿಸಿದ ಚೀಟಿ ಓದಿ. ದೊಡ್ಡದಾಗಿ 450 ವ್ಯಾಟ್ ಅಂತ ಇರುತ್ತದೆ. ಕೆಳಗೆ ಸಣ್ಣ ಕೋಷ್ಟಕ ಇರುತ್ತದೆ: 3.3 ವೋಲ್ಟ್, 5 ವೋಲ್ಟ್, 12 ವೋಲ್ಟ್. 12 ವೋಲ್ಟ್ ಕೆಳಗೆ ಎಷ್ಟು ಆಂಪಿಯರ್ ಅಂತ ನೋಡಿ. ಇವತ್ತಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟ್ ಎಳೆಯುವುದು ಮುಖ್ಯವಾಗಿ ಅಲ್ಲಿಂದ. ಅಲ್ಲಿ 16 ಆಂಪಿಯರ್ ಇದೆ ಅನ್ನಿ. ಹನ್ನೆರಡು ಹದಿನಾರಲೇ 192. ಅಂದರೆ ಕೆಲಸಕ್ಕೆ ಬರುವುದು 192 ವ್ಯಾಟ್, 450 ಅನ್ನೋದು ಅಲಂಕಾರ. ಒಳ್ಳೆಯದರಲ್ಲಿ 12 ವೋಲ್ಟ್‌ನ ಲೆಕ್ಕ ಒಟ್ಟು ವ್ಯಾಟ್‌ನ ಹತ್ತಿರಕ್ಕೇ ಬರುತ್ತದೆ. ‘80 ಪ್ಲಸ್’ ಮುದ್ರೆ ಇದ್ದರೆ ಅದು 20, 50, 100 ಶೇಕಡಾ ಹೊರೆಯಲ್ಲಿ ಕನಿಷ್ಠ 80ರಷ್ಟು ದಕ್ಷತೆ ತೋರಿಸಿ ಪಾಸಾಗಿದೆ ಅಂತ. ಉಳಿದದ್ದು ಶಾಖವಾಗಿ ಹೋಗುತ್ತದೆ, ಬೇಸಿಗೆಯಲ್ಲಿ ನಮಗೆ ಹೆಚ್ಚಿನ ಶಾಖ ಬೇಕಾಗಿಲ್ಲ. ಕೈಯಲ್ಲಿ ಹಿಡಿದೂ ನೋಡಿ. ಹಗುರ ಇದ್ದರೆ ಅನುಮಾನ ಪಡಿ.

ಯುಪಿಎಸ್‌ನಲ್ಲೂ ಇದೇ ಆಟ. 600 ವಿಎ ಅಂತ ಮುಂದೆ ಬರೆದಿರುತ್ತದೆ, ಹಿಂದೆ ನೋಡಿದರೆ 360 ವ್ಯಾಟ್. ಒಳಗಿರೋದು ಸಾಮಾನ್ಯವಾಗಿ 12 ವೋಲ್ಟ್, 7 ಆಂಪಿಯರ್-ಅವರ್‌ನ ಒಂದು ಬ್ಯಾಟರಿ. ಗುಣಿಸಿದರೆ 84 ವ್ಯಾಟ್-ಅವರ್. ಅದೂ ಪೂರ್ತಿ ಕೈಗೆ ಸಿಗುವುದಿಲ್ಲ. ಫೈಲ್ ಉಳಿಸಿ, ಕಂಪ್ಯೂಟರ್ ಬಂದ್ ಮಾಡಲು ಹತ್ತು-ಹದಿನೈದು ನಿಮಿಷ ಸಿಗಲಿ ಅಂತ ಇರುವ ಸಾಮಾನು ಅದು. ಜೆರಾಕ್ಸ್ ಅಂಗಡಿಯವರು ಅದಕ್ಕೇ ಲೇಸರ್ ಪ್ರಿಂಟರ್ ಕೂಡ ಹಚ್ಚುತ್ತಾರೆ. ಲೇಸರ್ ಪ್ರಿಂಟರ್‌ನ ಒಳಗೆ ಟೋನರ್ ಕರಗಿಸಿ ಹಾಳೆಗೆ ಹತ್ತಿಸುವ ಹೀಟರ್ ಇದೆ. ಅದು ಬಿಸಿಯಾಗುವಾಗ ನಾನೂರು, ಐನೂರು ವ್ಯಾಟ್, ಒಮ್ಮೊಮ್ಮೆ ಇನ್ನೂ ಜಾಸ್ತಿ ಎಳೆಯುತ್ತದೆ. ಯುಪಿಎಸ್ ಕೀ ಅಂತ ಕೂಗಿ ಎಲ್ಲವನ್ನೂ ಬಂದ್ ಮಾಡುತ್ತದೆ. “ಯುಪಿಎಸ್ ಕೆಟ್ಟೈತಿ” ಅಂತ ರಿಪೇರಿಗೆ ತರುತ್ತಾರೆ. ಕೆಟ್ಟಿರುವುದಿಲ್ಲ. ಪ್ರಿಂಟರನ್ನು ನೇರ ಗೋಡೆಯ ಪ್ಲಗ್‌ಗೆ ಹಚ್ಚಿ.

ಆ ಬ್ಯಾಟರಿಗೆ ಬಿಸಿ ಆಗಿಬರುವುದಿಲ್ಲ. ಹತ್ತು ಡಿಗ್ರಿ ಏರಿದಂತೆ ಆಯುಷ್ಯ ಸುಮಾರು ಅರ್ಧ ಆಗುತ್ತದೆ ಅನ್ನೋದು ಈ ಕಸುಬಿನಲ್ಲಿ ಎಲ್ಲರೂ ಬಳಸುವ ಅಂದಾಜು. ತಗಡಿನ ಶೀಟಿನ ಅಂಗಡಿಯಲ್ಲಿ, ಟೇಬಲ್ ಕೆಳಗಿನ ಮೂಲೆಯಲ್ಲಿ, ಬಟ್ಟೆ ಮುಚ್ಚಿ ಇಟ್ಟ ಯುಪಿಎಸ್ ಬೇಗ ಸೋಲುತ್ತದೆ. ಆದ್ದರಿಂದ ಯುಪಿಎಸ್ ಕೊಳ್ಳುವಾಗಲೂ ಅದೇ ಪ್ರಶ್ನೆ: ಬ್ಯಾಟರಿ ಬದಲಿಸೋಕೆ ಬರುತ್ತಾ, ಆ ಅಳತೆಯದ್ದು ಇಲ್ಲೇ ಪ್ಯಾಟಿಯಲ್ಲಿ ಸಿಗುತ್ತಾ?

ಇದೆಲ್ಲಕ್ಕಿಂತ ಮುಂಚೆ ಅರ್ಥಿಂಗ್. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದಾ? ಹಾಗಾದರೆ ಐವತ್ತು ಸಾವಿರದ ಕಂಪ್ಯೂಟರ್ ತರುವ ಮುಂಚೆ ವಾಯರಿಂಗ್‌ನವರನ್ನು ಕರೆಸಿ. ಅರ್ಥಿಂಗ್ ಗುಂಡಿ ಹಸಿ ಇರಬೇಕು. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಬಿರುಕು ಬಿಟ್ಟು ಒಣಗುತ್ತದೆ, ಅರ್ಥಿಂಗ್ ಬಲ ಕಳೆದುಕೊಳ್ಳುತ್ತದೆ. ಆಗಾಗ ನಾಲ್ಕು ಕೊಡ ನೀರು ಹಾಕಿ. ಇದಕ್ಕೆ ಖರ್ಚೇ ಇಲ್ಲ.

ಗುಳೇದಗುಡ್ಡ, ರಬಕವಿ-ಬನಹಟ್ಟಿ ಕಡೆಯಿಂದ ಬಂದವರು ಇದ್ದೀರಿ. ಮಗ್ಗ ಇರುವ ಮನೆಗಳಲ್ಲಿ ನೂಲಿನ ಹಿಂಜು ಗಾಳಿಯಲ್ಲಿ ತೇಲುತ್ತಿರುತ್ತದೆ. ಲ್ಯಾಪ್‌ಟಾಪ್ ಫ್ಯಾನ್ ಅದನ್ನು ಎಳೆದುಕೊಂಡು, ತಾಮ್ರದ ರೆಕ್ಕೆಗಳ ಮುಂದೆ ಒಂದು ಸಣ್ಣ ಕಂಬಳಿ ನೇಯ್ದಂತೆ ಜಮಾ ಮಾಡುತ್ತದೆ. ಆಮೇಲೆ ಬಿಸಿ, ಆಮೇಲೆ ನಿಧಾನ. ನಿಮಗೆ ಕೆಳಗಿನ ಮುಚ್ಚಳ ಸಾದಾ ಸ್ಟಾರ್ ಸ್ಕ್ರೂಡ್ರೈವರ್‌ನಿಂದ ಬಿಚ್ಚುವ ಲ್ಯಾಪ್‌ಟಾಪೇ ಬೇಕು. ಅಂಟು ಹಚ್ಚಿದ, ರಬ್ಬರ್ ಕಾಲಿನ ಕೆಳಗೆ ಸ್ಕ್ರೂ ಬಚ್ಚಿಟ್ಟ ತೆಳ್ಳನೆಯ ಚೆಲುವೆ ನಿಮ್ಮ ಮನೆಗೆ ಆಗುವುದಿಲ್ಲ.

ಪ್ರಿಂಟರ್. ಇಲ್ಲಿ ಯಂತ್ರದ ಬೆಲೆ ನೋಡಲೇಬೇಡಿ. ಒಂದು ಪುಟಕ್ಕೆ ಎಷ್ಟು ಬೀಳುತ್ತದೆ ನೋಡಿ. ಅಗ್ಗದ ಇಂಕ್‌ಜೆಟ್‌ನ ಸಣ್ಣ ಕಾರ್ಟ್ರಿಜ್‌ನಲ್ಲಿ ನೂರಿಪ್ಪತ್ತು ಪುಟ ಬರುವಂಥವೂ ಇವೆ. ಅದಕ್ಕೆ 900 ರೂಪಾಯಿ ಅನ್ನಿ, ಪುಟಕ್ಕೆ ಏಳೂವರೆ. ಹೊರಗೆ ಅಂಗಡಿಯಲ್ಲಿ ಪ್ರಿಂಟ್ ಅದರ ಅರ್ಧಕ್ಕೂ ಕಡಿಮೆಗೆ ಸಿಗುತ್ತದೆ. ಆ ನೂರಿಪ್ಪತ್ತು ಕೂಡ ಹಾಳೆಯ ನೂರಕ್ಕೆ ಐದು ಭಾಗ ಮಾತ್ರ ಮಸಿ ಬಿದ್ದರೆ ಅನ್ನುವ ಲೆಕ್ಕ. ಫೋಟೋ ಇರುವ ಪ್ರಾಜೆಕ್ಟ್ ರಿಪೋರ್ಟ್ ಆದರೆ ಮುಗೀತು. ಇಂಕ್‌ಟ್ಯಾಂಕ್ ಯಂತ್ರ ದುಬಾರಿ, ಆದರೆ ಬಾಟಲಿ ಸಾವಿರಾರು ಪುಟ ಬರುತ್ತದೆ. ಕಪ್ಪು ಅಕ್ಷರ ಮಾತ್ರ ಸಾಕು ಅನ್ನುವ ಕಚೇರಿಗೆ ಲೇಸರ್. ಎಲ್ಲರ ಅಂಗಡಿಯಲ್ಲೂ ಕಂಡಿರುವ ಎಚ್‌ಪಿ 12ಎ ಕಾರ್ಟ್ರಿಜ್ ಕಂಪನಿ ಲೆಕ್ಕದಲ್ಲಿ 2000 ಪುಟ. ಅದರ ಯಂತ್ರ ಇಷ್ಟು ವರ್ಷ ಬದುಕಿರೋದು ಓಣಿ ಓಣಿಯಲ್ಲಿ ರೀಫಿಲ್ ಮಾಡುವವರು ಇರುವುದರಿಂದ.

ತಿಂಗಳಿಗೆ ಹತ್ತು ಪುಟ ಪ್ರಿಂಟ್ ತೆಗೆಯುವ ಮನೆಗೆ ಪ್ರಿಂಟರೇ ಬೇಡ. ಬಳಸದೆ ಬಿಟ್ಟ ಇಂಕ್ ಬೇಸಿಗೆಯಲ್ಲಿ ಹೆಡ್‌ನಲ್ಲೇ ಒಣಗುತ್ತದೆ. ಕ್ಲೀನ್ ಮಾಡಲು ಹೋದರೆ ಇಂಕ್ ಅದಕ್ಕೇ ಖರ್ಚಾಗುತ್ತದೆ. ಪೆನ್ ಡ್ರೈವ್ ಹಿಡಿದು ಓಣಿಯ ಅಂಗಡಿಗೆ ಹೋಗಿ. (ಹಿಂದೆ ಕೂತ ಜೆರಾಕ್ಸ್ ಅಂಗಡಿಯವರು ಇಲ್ಲಿ ಚಪ್ಪಾಳೆ ಹೊಡೆದರು.)

ಪೆನ್ ಡ್ರೈವ್ ಅಂದೆ. ಆನ್‌ಲೈನ್‌ನಲ್ಲಿ ‘2 ಟಿಬಿ, ಬರೀ 500 ರೂಪಾಯಿ’ ಅಂತ ಬರುತ್ತದಲ್ಲ, ಅದು ಸುಳ್ಳು. ಒಳಗೆ 32 ಜಿಬಿಯೋ 64 ಜಿಬಿಯೋ ಇರುತ್ತದೆ. ಚಿಪ್‌ಗೆ ಸುಳ್ಳು ಹೇಳಲು ಕಲಿಸಿರುತ್ತಾರೆ. ಕಂಪ್ಯೂಟರ್ 2 ಟಿಬಿ ಅಂತಲೇ ತೋರಿಸುತ್ತದೆ, ಫೈಲ್ ಹೋದಂತೆಯೂ ಕಾಣುತ್ತದೆ. ನಿಜವಾದ ಜಾಗ ಮುಗಿದ ಮೇಲೆ ಹೊಸದು ಹಳೆಯದರ ಮೇಲೇ ಬರೆಯುತ್ತದೆ, ಇಲ್ಲಾ ಎಲ್ಲಿಗೂ ಹೋಗುವುದಿಲ್ಲ. ಮದುವೆ ವಿಡಿಯೋ ಹಾಕಿಟ್ಟವರಿಗೆ ಗೊತ್ತಾಗುವುದು ತೆರೆದು ನೋಡಿದಾಗ. ಎಚ್2ಟೆಸ್ಟ್‌ಡಬ್ಲ್ಯೂ (H2testw) ಎಂಬ ಸಣ್ಣ ಪುಕ್ಕಟೆ ಸಾಫ್ಟ್‌ವೇರ್ ಇದೆ. ಡ್ರೈವ್ ತುಂಬ ಬರೆದು, ಮತ್ತೆ ಓದಿ, ಎಷ್ಟು ನಿಜ ಅಂತ ಹೇಳುತ್ತದೆ. ಹೊಸ ಪೆನ್ ಡ್ರೈವ್, ಮೆಮೊರಿ ಕಾರ್ಡ್ ಯಾವುದೇ ಬರಲಿ, ಮೊದಲ ದಿನ ಇದನ್ನು ಓಡಿಸಿ. ವಾಪಸ್ ಕೊಡುವ ಗಡುವು ಮುಗಿದ ಮೇಲೆ ಅಲ್ಲ.

ಚಾರ್ಜರ್, ಅಡಾಪ್ಟರ್‌ಗಳ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಮುದ್ರೆ ಮತ್ತು ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆ ಇರಬೇಕು, ಕಡ್ಡಾಯ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ಯಾವ ಕಂಪನಿ ಮಾಡಿದ್ದು, ಯಾವ ಬ್ರ್ಯಾಂಡ್‌ನದ್ದು ಅಂತ ಬರುತ್ತದೆ. ಅಲ್ಲಿ ಬಂದ ಬ್ರ್ಯಾಂಡ್ ಒಂದು, ಚಾರ್ಜರ್ ಮೇಲಿನ ಹೆಸರು ಇನ್ನೊಂದು ಇದ್ದರೆ ಕೆಳಗಿಡಿ. ಇಂಟರ್‌ನೆಟ್‌ಗೆ ಹಚ್ಚುವ ಲ್ಯಾನ್ ಕೇಬಲ್ ಕೊಳ್ಳುವಾಗ ಸಿಸಿಎ ಅಂತ ಬರೆದಿದೆಯಾ ನೋಡಿ. ಅದು ಅಲ್ಯೂಮಿನಿಯಂ ತಂತಿಗೆ ತಾಮ್ರ ಬಳಿದದ್ದು, ಗೋಡೆಯೊಳಗೆ ಹಾಕಿಸಲು ಬೇಡ. ಮೌಸ್ ಯಾವುದಾದರೂ ಆಗುತ್ತದೆ.

ಎಲ್ಲಿ ಕೊಳ್ಳಬೇಕು? ಡೆಸ್ಕ್‌ಟಾಪ್ ಆದರೆ ಊರಿನ ಅಂಗಡಿಯಲ್ಲಿ, ಬೆಂಗಳೂರಿನ ಕಂಪ್ಯೂಟರ್ ಪ್ಯಾಟಿಯಾದ ಎಸ್.ಪಿ. ರೋಡಿಗಿಂತ ಸಾವಿರ, ಸಾವಿರದೈನೂರು ಜಾಸ್ತಿ ಆದರೂ. ಒಂದು ಸಲ ಕೆಟ್ಟಾಗ ಹೊತ್ತುಕೊಂಡು ಓಡಾಡುವ ಖರ್ಚಿಗೆ ಅದು ಸಮ. ಲ್ಯಾಪ್‌ಟಾಪ್ ಎಲ್ಲಾದರೂ ಕೊಳ್ಳಿ, ವಾರಂಟಿ ‘ಆನ್‌ಸೈಟ್’ ಇರಲಿ. ‘ಕ್ಯಾರಿ-ಇನ್’ ಅಂದರೆ ಅದನ್ನು ಸರ್ವಿಸ್ ಸೆಂಟರ್‌ಗೆ ಒಯ್ಯಬೇಕಾದವರು ನೀವು. ಅದು ಹುಬ್ಬಳ್ಳಿಯಲ್ಲೋ ಬೆಳಗಾವಿಯಲ್ಲೋ ಇದ್ದರೆ ಹೋಗುವ ಒಂದು ದಿನ, ತರುವ ಒಂದು ದಿನ ಕೆಲಸ ಬಿಟ್ಟಂತೆ. ಕೊಳ್ಳುವ ಮುಂಚೆ ಕಂಪನಿಯ ಸೈಟಿನಲ್ಲಿ ನಮ್ಮ ಊರಿನ ಪಿನ್‌ಕೋಡ್ ಹಾಕಿ ನೋಡಿ.

ಬಿಲ್ ಇಲ್ಲದೆ ಕೊಂಡರೆ ಶೇಕಡಾ 18ರ ಜಿಎಸ್‌ಟಿ ಉಳಿಯುತ್ತದೆ ಅಂತ ಅಂಗಡಿಯವರೇ ಹೇಳುತ್ತಾರೆ. ಕಾನೂನು ಆ ಕಡೆ ಇರಲಿ, ನಿಮ್ಮ ಲಾಭದ ಮಾತೇ ಆಡೋಣ. ಬಿಲ್ ಇಲ್ಲ ಅಂದರೆ ಆ ಸಾಮಾನು ನೀವು ಕೊಂಡದ್ದು ಅನ್ನೋದಕ್ಕೇ ಪುರಾವೆ ಇಲ್ಲ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ. ಅಂಗಡಿಯಲ್ಲೇ ಆ ನಂಬರನ್ನು ಕಂಪನಿ ಸೈಟಿನಲ್ಲಿ ಹಾಕಿ, ವಾರಂಟಿ ಯಾವ ದಿನ ಶುರುವಾಗಿದೆ ನೋಡಿ. ಆರು ತಿಂಗಳು ಮೊದಲೇ ಶುರುವಾಗಿದ್ದರೆ ಅದು ಗೋದಾಮಿನಲ್ಲಿ ಕೂತಿದ್ದ ಮಾಲು, ಇಲ್ಲಾ ಒಬ್ಬರು ಬಿಚ್ಚಿ ವಾಪಸ್ ಕೊಟ್ಟದ್ದು. ತಕರಾರು ಬಂದರೆ 1915ಕ್ಕೆ ಫೋನ್ ಮಾಡಿ, ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2019ರ ಗ್ರಾಹಕ ಕಾಯ್ದೆಯ ಪ್ರಕಾರ ನೀವು ವಾಸ ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಮಾರಿದವನು ದೆಹಲಿಯಲ್ಲಿದ್ದರೂ. ಐದು ಲಕ್ಷದ ಒಳಗಿನ ಖರೀದಿಗೆ ಶುಲ್ಕ ಇಲ್ಲ.

ಈಗ ಪ್ರಶ್ನೆಗಳು.

“ಮಗಳು ಬಿಸಿಎ ಸೇರ್ಯಾಳ್ರಿ. ಲ್ಯಾಪ್‌ಟಾಪ್ ಕೊಡಸಲೋ, ಡೆಸ್ಕ್‌ಟಾಪೋ?”

ಅಕ್ಕಾವ್ರೇ, ಅವಳು ಹಾಸ್ಟೆಲ್‌ನಲ್ಲಿ ಇದ್ದರೆ ಲ್ಯಾಪ್‌ಟಾಪ್. ಮನೆಯಿಂದ ಹೋಗಿ ಬಂದು ಮಾಡುವುದಾದರೆ ಕಾಲೇಜಿನವರು ಲ್ಯಾಪ್‌ಟಾಪ್ ತರಲು ಹೇಳುತ್ತಾರಾ ಮೊದಲು ಕೇಳಿ. ಹೇಳದಿದ್ದರೆ ಅದೇ ದುಡ್ಡಿಗೆ ಡೆಸ್ಕ್‌ಟಾಪ್ ಜಾಸ್ತಿ ವರ್ಷ ಬರುತ್ತದೆ. ರ‍್ಯಾಮ್ 8 ಇರಲಿ, ಸ್ಲಾಟ್ ಖಾಲಿ ಇರಲಿ. ಮುಂದೆ ಆಂಡ್ರಾಯ್ಡ್ ಆ್ಯಪ್ ಮಾಡುವುದಾದರೆ 16 ಬೇಕಾಗುತ್ತದೆ, ಆಗ ಹಾಕಿಸಿ.

“ಕನ್ನಡ ಟೈಪಿಂಗ್‌ಗೆ ನುಡಿ, ಪುಟ ಜೋಡಸಾಕ ಪೇಜ್‌ಮೇಕರ್ ಅಷ್ಟೇ ಓಡಸ್ತೀವ್ರಿ. ಹಳೇ ಸಿಸ್ಟಮ್ ಬಿಡ್ಬೇಕಾ?”

ಬಿಡಬೇಡಿ. ಎಸ್‌ಎಸ್‌ಡಿ ಹಾಕಿಸಿ, ಎಸ್‌ಎಂಪಿಎಸ್ ಒಳ್ಳೆಯದು ಹಾಕಿಸಿ, ಉಳಿದ ದುಡ್ಡಿಗೆ ಐಪಿಎಸ್ ಮಾನಿಟರ್ ತನ್ನಿ. ಮಾನಿಟರ್ ಮುಂದೆ ಬೇರೆ ಕಂಪ್ಯೂಟರ್‌ಗೂ ಆಗುತ್ತದೆ. ಆ ಹಳೆಯದರಲ್ಲಿ ವಿಂಡೋಸ್ 7 ಇದ್ದರೆ ಇಂಟರ್‌ನೆಟ್ ತೆಗೆದುಬಿಡಿ, ಬ್ಯಾಂಕಿಂಗ್ ಮೊಬೈಲ್‌ನಲ್ಲಿ ಮಾಡಿ.

“ದಸರಾ ಆಫರ್ ತನಕ ಕಾಯೋದು ಛಲೋ ಅಲ್ವಾ ಸರ?”

ಕೆಲಸ ಅಷ್ಟು ದಿನ ತಡೆಯುತ್ತದೆ ಅಂದರೆ ಕಾಯಿರಿ. ಆದರೆ ಇವತ್ತೇ ಬೇಕಾದ ಮಾಡೆಲ್‌ನ ಪೂರ್ತಿ ಅಂಕಿ, ಬೆಲೆ ಬರೆದಿಟ್ಟುಕೊಳ್ಳಿ. ಆಫರ್‌ನಲ್ಲಿ ‘70 ಸಾವಿರದ್ದು 45ಕ್ಕೆ’ ಅಂತ ಬಂದಾಗ ನಿಮ್ಮ ಚೀಟಿಯಲ್ಲಿ ಅದು 46 ಅಂತ ಇದ್ದರೆ, ಉಳಿತಾಯ ಒಂದು ಸಾವಿರ. ಅದಕ್ಕಾಗಿ ಮಗಳು ಎರಡು ತಿಂಗಳು ಲ್ಯಾಬ್‌ನಲ್ಲಿ ಪಾಳಿ ಹಚ್ಚಬೇಕಾಗಿಲ್ಲ.